ನಕ್ಷೆಯಲ್ಲಿ ಕಿಟಕಿಗೂ ಒಂದು ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಾನು ಮೈಸೂರಿನ ಅಗ್ರಹಾರದವನು. ವಯಸ್ಸು 66. ಒಬ್ಬ ಖಾಸಗಿ ಎಂಜಿನಿಯರ್ ಕಚೇರಿಯಲ್ಲಿ 34 ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದೆ. ಮನೆ ಕಟ್ಟುವವರಿಗೆ ಪ್ಲಾನ್ ಬಿಡಿಸಿ ಕೊಡುವುದು ನನ್ನ ಕೆಲಸ. ಮೊದಲು ಟ್ರೇಸಿಂಗ್ ಹಾಳೆ, ಇಂಕ್ ಪೆನ್ನು. ಆಮೇಲೆ ಕಂಪ್ಯೂಟರ್ ಬಂತು. ಅಷ್ಟೂ ವರ್ಷ ನಾನು ಬಿಡಿಸಿದ ನಕ್ಷೆಗಳಲ್ಲಿ ಕಿಟಕಿ ಅಂದರೆ ಗೋಡೆಯ ನಡುವೆ ಒಂದೆರಡು ಗೆರೆ, ಪಕ್ಕದಲ್ಲಿ 'ಡಬ್ಲ್ಯು' ಅನ್ನುವ ಒಂದು ಅಕ್ಷರ. ಮೂಲೆಯ ಪಟ್ಟಿಯಲ್ಲಿ ಅದರ ಅಗಲ, ಎತ್ತರ. ಅದು ಮರದ್ದೋ ಪ್ಲಾಸ್ಟಿಕ್ಕಿನದೋ, ಗೋಡೆಯೊಳಗೆ ಎಷ್ಟು ಹಿಂದೆ ಕೂರುತ್ತದೆ, ಹೇಗೆ ತೆರೆಯುತ್ತದೆ ಅಂತ ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಬರೆಯಲಿಲ್ಲ. ಬರೆಯಬೇಕಿತ್ತು ಅಂತ ಈಗ ಅನ್ನಿಸುತ್ತಿದೆ. ಅದಕ್ಕೇ ಈ ಪತ್ರ.

ಕಳೆದ ವರ್ಷ ನಮ್ಮ ಬೀದಿಯಲ್ಲಿ ಒಂದು ಹಳೇ ಮನೆ ಕೆಡವಿದರು. ಕೆಡವಬಾರದಿತ್ತು ಅಂತ ಹೇಳುವ ಹಕ್ಕು ನನಗಿಲ್ಲ. 1931ರಲ್ಲಿ ನಮ್ಮ ತಾತ ಕಟ್ಟಿಸಿದ ಮನೆಯನ್ನು ನಾವೂ ಕೆಡವಿಸಿದ್ದೇವೆ. ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಚಾವಣಿ. ಆ ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಹಿಂದಿನ ಗೋಡೆ ಬಿರುಕು ಬಿಟ್ಟಿತ್ತು. ಮೊಮ್ಮಕ್ಕಳನ್ನು ಅದರ ಕೆಳಗೆ ಮಲಗಿಸಲು ಭಯವಾಗುತ್ತಿತ್ತು. ಈಗ ಅದೇ ಜಾಗದಲ್ಲಿ ಮಗ ಹೊಸ ಮನೆ ಕಟ್ಟಿಸುತ್ತಿದ್ದಾನೆ. ಹಾಗಾಗಿ ನಾನು ಬರೆಯುವುದು ಹಳೇ ಮನೆ ಉಳಿಸುವ ವಿಷಯ ಅಲ್ಲ. ಅದರ ಬಗ್ಗೆ ತಿಳಿದವರು ಬರೆಯುತ್ತಲೇ ಇದ್ದಾರೆ. ನಮ್ಮ ಊರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿಯಿತು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಅಂದಿನಿಂದ ಉಳಿಸಬೇಕೋ ಕೆಡವಬೇಕೋ ಅನ್ನುವ ಮಾತು ನಡೆದೇ ಇದೆ. ನಡೆಯಲಿ, ಬೇಕಾದ ಮಾತೇ ಅದು. ಆದರೆ ನಮ್ಮಂಥ ಸಾಮಾನ್ಯ ಬೀದಿಗಳಲ್ಲಿ ಒಂದೊಂದೇ ಮನೆ ಹೋಗಿ ಒಂದೊಂದೇ ಹೊಸ ಮನೆ ಬರುತ್ತಿದೆಯಲ್ಲ, ಆ ಹೊಸ ಮನೆ ಹೇಗಿರಬೇಕು ಅನ್ನುವ ಮಾತು ಮಾತ್ರ ಎಲ್ಲೂ ಕೇಳುತ್ತಿಲ್ಲ.

ನಮ್ಮ ಬೀದಿಯ ಆ ಹೊಸ ಕಟ್ಟಡದ ವಿಷಯಕ್ಕೆ ಬರುತ್ತೇನೆ. ಎತ್ತರ ತೀರಾ ಜಾಸ್ತಿ ಏನಿಲ್ಲ. ಮಾಲೀಕರು ಒಳ್ಳೆಯವರು. ಅಕ್ಕಪಕ್ಕದವರನ್ನು ಕೇಳಿ, ಬೀದಿಗೆ ಹೊಂದಲಿ ಅಂತ ತಿಳಿ ಹಳದಿ ಬಣ್ಣ ಹೊಡೆಸಿದರು. ಮುಂದೆ ಎರಡು ಕಂಬ, ಒಂದು ಜಗಲಿಯನ್ನೂ ಮಾಡಿಸಿದರು. ಆದರೂ ಎದುರಿಗೆ ನಿಂತರೆ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಒಂದು ವಾರ ದಿನಾ ಬೆಳಗ್ಗೆ ಹಾಲು ತರಲು ಹೋಗುವಾಗ ನಿಂತು ನೋಡಿದೆ. ಕೊನೆಗೆ ಗೊತ್ತಾಯಿತು. ಕಿಟಕಿ. 6 ಅಡಿ ಅಗಲ, 4 ಅಡಿ ಎತ್ತರದ ಬಿಳಿ ಪ್ಲಾಸ್ಟಿಕ್ ಸ್ಲೈಡಿಂಗ್ ಕಿಟಕಿಗಳು. ಗೋಡೆಯ ಹೊರಮೈಗೆ ಹೆಚ್ಚುಕಮ್ಮಿ ಸಮವಾಗಿ ಕೂರಿಸಿದ್ದಾರೆ. ಗಾಜು, ಚೌಕಟ್ಟು, ಗೋಡೆ ಎಲ್ಲ ಹತ್ತಿರ ಹತ್ತಿರ ಒಂದೇ ಮಟ್ಟ. ಎಲ್ಲೂ ಒಂದು ಗೆರೆ ನೆರಳು ಬೀಳುವುದಿಲ್ಲ. ಗೋಡೆ ಕಾಗದದ ಹಾಗೆ ಕಾಣುತ್ತದೆ.

ಹಳೇ ಅಭ್ಯಾಸ ಬಿಡುವುದಿಲ್ಲ ನೋಡಿ, ಒಂದು ಭಾನುವಾರ ಟೇಪು ಹಿಡಿದು ಹೊರಟೆ. ನಮ್ಮ ಬೀದಿಯಲ್ಲೂ ಪಕ್ಕದ ಎರಡು ಅಡ್ಡಬೀದಿಗಳಲ್ಲೂ ಉಳಿದಿರುವ 11 ಹಳೇ ಮನೆಗಳ ಮುಂದಿನ ಕಿಟಕಿ ಅಳೆದೆ. ಒಬ್ಬರು "ಏನ್ ಸಾರ್, ರೋಡ್ ಅಗಲ ಮಾಡ್ತಾರಂತಾ?" ಅಂತ ಗಾಬರಿಯಿಂದ ಕೇಳಿದರು. ಅವರಿಗೆ ಸಮಾಧಾನ ಹೇಳಿ, ಅವರ ಮನೆ ಕಾಫಿ ಕುಡಿದು ಬಂದೆ. ಅಳತೆ ಹೀಗಿದೆ. ಎಲ್ಲ 11 ಮನೆಗಳಲ್ಲೂ ಕಿಟಕಿಯ ಎತ್ತರ ಅಗಲಕ್ಕಿಂತ ಜಾಸ್ತಿ. ಅಗಲ ಸುಮಾರು 3ರಿಂದ 3½ ಅಡಿ, ಎತ್ತರ 4½ರಿಂದ 5½ ಅಡಿ. ಗೋಡೆಯ ಹೊರಮೈಯಿಂದ ಕಿಟಕಿಯ ಬಾಗಿಲಿಗೆ 5ರಿಂದ 8 ಇಂಚು ಆಳ. ಹೊಸ ಕಟ್ಟಡದಲ್ಲಿ ಆ ಆಳ ಮುಕ್ಕಾಲು ಇಂಚು.

ಹಳಬರು ಚೆಂದಕ್ಕೆ ಅಂತಲೇ ಹಾಗೆ ಮಾಡಿದ್ದಲ್ಲ. ಇಟ್ಟಿಗೆಯ ಕಮಾನು ತುಂಬ ಅಗಲದ ಕಂಡಿಯ ಮೇಲೆ ನಿಲ್ಲುವುದು ಕಷ್ಟ. ಅದಕ್ಕೆ ಕಂಡಿ ಸಣ್ಣ, ಎತ್ತರ ಹೆಚ್ಚು. ಗೋಡೆ ಒಂದೂವರೆ ಅಡಿ ದಪ್ಪ ಇದ್ದುದರಿಂದ ಕಿಟಕಿ ಒಳಗೆ ಸರಿದು ಕೂರುತ್ತಿತ್ತು. ಮಳೆ ನೇರವಾಗಿ ಮರದ ಮೇಲೆ ಬೀಳುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲು ಗೋಡೆಯ ಅಂಚಿನಲ್ಲೇ ನಿಲ್ಲುತ್ತಿತ್ತು. ಮೈಸೂರಿನಲ್ಲಿ ಬಿಸಿಲು ದಕ್ಷಿಣದಿಂದಷ್ಟೇ ಬರುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ನಮ್ಮ ಊರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆಗ ಉತ್ತರದ ಗೋಡೆಗೂ ಬಿಸಿಲು ಬೀಳುತ್ತದೆ. ಆದ್ದರಿಂದ ಯಾವ ದಿಕ್ಕಿನ ಕಿಟಕಿಗೂ ಸ್ವಲ್ಪ ಆಳ, ಮೇಲೊಂದು ಛಜ್ಜಾ ಬೇಕೇ ಬೇಕು.

ನಮ್ಮ ತಾತನ ಮನೆಯಲ್ಲಿ ಒಂದೊಂದು ಕಿಟಕಿಗೂ ನಾಲ್ಕು ಬಾಗಿಲು. ಕೆಳಗೆ ಎರಡು, ಮೇಲೆ ಎರಡು. ಮಧ್ಯಾಹ್ನ ಅಜ್ಜಿ ಕೆಳಗಿನ ಎರಡನ್ನು ಮುಚ್ಚಿ, ಮೇಲಿನ ಎರಡನ್ನು ತೆರೆದು ಮಲಗುತ್ತಿದ್ದರು. ಬೀದಿಯವರಿಗೆ ಒಳಗೆ ಕಾಣುತ್ತಿರಲಿಲ್ಲ, ಗಾಳಿ ಮಾತ್ರ ಬರುತ್ತಿತ್ತು. ಸಂಜೆ ಆದ ಮೇಲೆ ಕೆಳಗಿನದೂ ತೆರೆಯುತ್ತಿತ್ತು. ನಾವು ಹುಡುಗರು ಕಿಟಕಿ ಕಟ್ಟೆಯ ಮೇಲೆ ಕೂತು, ಸರಳಿಗೆ ಕಾಲು ಸಿಕ್ಕಿಸಿಕೊಂಡು ಮಗ್ಗಿ ಓದುತ್ತಿದ್ದೆವು. 6 ಇಂಚಿನ ಗೋಡೆಯಲ್ಲಿ ಇವತ್ತಿನ ಮಕ್ಕಳು ಎಲ್ಲಿ ಕೂರಬೇಕು ಹೇಳಿ.

ಹಾಗಂತ ಹೊಸ ಸಾಮಾನು ಬೇಡವೇ ಬೇಡ ಅನ್ನುವ ಪೈಕಿ ನಾನಲ್ಲ. ಮೈಸೂರು ಎಂದೂ ಹೊಸದನ್ನು ಬೇಡ ಅಂದ ಊರಲ್ಲ. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಹಳೇ ಮರದ ಅರಮನೆ ಸುಟ್ಟುಹೋಯಿತು. ಹೊಸದನ್ನು ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದರು. ಅದರ ಕಲ್ಯಾಣ ಮಂಟಪಕ್ಕೆ ಹೋಗಿ ನೋಡಿ. ಆ ಕಂಬಗಳು ಎರಕದ ಕಬ್ಬಿಣದವು, ಗ್ಲಾಸ್ಗೋ ನಗರದಿಂದ ತರಿಸಿದ್ದು. ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜು. ಆ ಕಾಲಕ್ಕೆ ಅದಕ್ಕಿಂತ ಹೊಸ ಸಾಮಾನು ಇನ್ನೇನಿತ್ತು? ಆದರೂ ಅದು ಮೈಸೂರಿನದೇ ಆಯಿತು. ಯಾಕೆ ಅಂದರೆ ಅದನ್ನು ಎಲ್ಲಿ, ಯಾವ ಅಳತೆಯಲ್ಲಿ, ಯಾವುದರ ಪಕ್ಕ ಇಡಬೇಕು ಅಂತ ಯಾರೋ ಕೂತು ಯೋಚಿಸಿದ್ದರು.

ಅದೇ ಹೊತ್ತಿಗೆ ಊರಿಗೆ ಪ್ಲೇಗ್ ಬಂದಿತ್ತು. ಒತ್ತೊತ್ತಾದ ಮನೆಗಳಿಗೆ ಗಾಳಿ ಬೆಳಕು ಸಾಲದು ಅನ್ನುವುದು ಆಗ ಎಲ್ಲರ ಮಾತಾಯಿತು. 1903ರಲ್ಲಿ ನಗರ ಸುಧಾರಣೆಯ ಮಂಡಳಿಯೇ ಹುಟ್ಟಿತು. ನಾವು ದೊಡ್ಡವರಾದ ಮೇಲೂ ಸಿಐಟಿಬಿ ಅಂತಲೇ ಕರೆಯುತ್ತಿದ್ದೆವಲ್ಲ, ಅದೇ. ಅಗಲ ರಸ್ತೆ, ಹಿಂದೆ ಕನ್ಸರ್ವೆನ್ಸಿ ಓಣಿ (ಮನೆಗಳ ಹಿಂಬದಿಯಲ್ಲಿ ಕಸ ತೆಗೆಯಲು ಬಿಟ್ಟ ಸಣ್ಣ ದಾರಿ) ಇರುವ ಬಡಾವಣೆಗಳು ಬಂದವು. ಮುಂದೆ ಬೀದಿಗೊಂದು ಕಿಟಕಿ, ಹಿಂದೆ ಓಣಿಗೊಂದು ಕಿಟಕಿ. ಒಂದರಿಂದ ಬಂದ ಗಾಳಿ ಇನ್ನೊಂದರಿಂದ ಹೋಗಬೇಕು. ಈಗ ನಾವು ಹಾಕಿಸುವ ಸ್ಲೈಡಿಂಗ್ ಕಿಟಕಿ ಎಷ್ಟು ಎಳೆದರೂ ಅರ್ಧಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಒಂದು ಗಾಜು ಇನ್ನೊಂದರ ಹಿಂದೆ ಹೋಗಿ ನಿಲ್ಲಬೇಕು ತಾನೇ? 6 ಅಡಿ ಕಿಟಕಿಗೆ ದುಡ್ಡು ಕೊಟ್ಟು 3 ಅಡಿ ಗಾಳಿ ತೆಗೆದುಕೊಳ್ಳುತ್ತಿದ್ದೇವೆ. ಗಾಳಿಗೋಸ್ಕರ ಬೆಳೆದ ಊರಿನಲ್ಲಿ ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇನ್ನು ಸಾಮಾನಿನ ವಿಷಯ. ಯುಪಿವಿಸಿ, ಅಂದರೆ ಕಿಟಕಿಗೆ ಬಳಸುವ ಆ ಗಟ್ಟಿ ಪ್ಲಾಸ್ಟಿಕ್, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಈಗ ಎಲ್ಲರೂ ಹಾಕಿಸುತ್ತಿರುವುದು ಅದನ್ನೇ. ಅದರಲ್ಲಿ ಒಳ್ಳೆಯದು ಇದೆ. ಗೆದ್ದಲು ಹಿಡಿಯುವುದಿಲ್ಲ, ಮಳೆಗೆ ಉಬ್ಬುವುದಿಲ್ಲ, ಬಣ್ಣ ಹೊಡೆಯುವ ಖರ್ಚಿಲ್ಲ. ಸರಿಯಾಗಿ ಕೂರಿಸಿದರೆ ರಸ್ತೆಯ ಸದ್ದು, ದೂಳು ಎರಡೂ ಕಡಿಮೆ. ಬಚ್ಚಲುಮನೆಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಆದರೆ ಪ್ಲಾಸ್ಟಿಕ್ಕಿಗೆ ಕಬ್ಬಿಣದ ಗಟ್ಟಿತನ ಇಲ್ಲ. ಅದಕ್ಕೆ ಪೊಳ್ಳಾಗಿ ದಪ್ಪಗೆ ಮಾಡಿ, ಒಳಗೆ ಉಕ್ಕಿನ ಪಟ್ಟಿ ತೂರಿಸುತ್ತಾರೆ. ಬಿಸಿಲಿಗೆ ಹಿಗ್ಗುವುದೂ ಜಾಸ್ತಿ. ಒಂದೂವರೆ ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಬಿಸಿಯಾದರೆ ಪ್ಲಾಸ್ಟಿಕ್ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಅಲ್ಯೂಮಿನಿಯಂ 1 ಮಿಲಿಮೀಟರ್, ಉಕ್ಕು ಅರ್ಧ ಮಿಲಿಮೀಟರ್. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೇ ಇಲ್ಲ. ಹೀಗಾಗಿ ಯುಪಿವಿಸಿ ಚೌಕಟ್ಟು ತೆಳುವಾಗಲು ಸಾಧ್ಯವಿಲ್ಲ. ನಾನು ಅಳೆದ ಒಂದು ತೆರೆಯುವ ಕಿಟಕಿಯಲ್ಲಿ ಚೌಕಟ್ಟೂ ಬಾಗಿಲ ಅಂಚೂ ಸೇರಿ ಒಂದೊಂದು ಕಡೆ 11 ಸೆಂಟಿಮೀಟರ್, ಎರಡು ಬಾಗಿಲು ಸೇರುವ ನಡುವೆ 14. ಇದನ್ನು 4 ಅಡಿ ಉದ್ದಗಲದ ಕಿಟಕಿಗೆ ಹಾಕಿ ಲೆಕ್ಕ ಮಾಡಿದೆ. ಗಾಜಿಗೆ ಉಳಿಯುವುದು ನೂರಕ್ಕೆ ಸುಮಾರು 58 ಭಾಗ. ಮಿಕ್ಕಿದ್ದೆಲ್ಲ ಬಿಳಿ ಪ್ಲಾಸ್ಟಿಕ್. ಅದೇ ಅಳತೆಯಲ್ಲಿ ಹಳೇ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಇದ್ದಂಥ ತೆಳು ಉಕ್ಕಿನ ಕಿಟಕಿ ಹಾಕಿದರೆ ಗಾಜು ನೂರಕ್ಕೆ 85ರ ಹತ್ತಿರ ಸಿಗುತ್ತದೆ. ಬೀದಿಯಿಂದ ನೋಡುವ ಕಣ್ಣಿಗೆ ಕಾಣುವುದು ಈ ವ್ಯತ್ಯಾಸ. ಹೆಸರಿಟ್ಟು ಹೇಳಲು ಬರದಿದ್ದರೂ ಕಣ್ಣಿಗೆ ಅದು ಗೊತ್ತಾಗುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. 2013ರಲ್ಲಿ ನಮ್ಮ ಹಳೇ ಮನೆಯ ಹಿಂದಿನ ಪೋರ್ಷನ್‌ಗೆ ಎರಡು ಯುಪಿವಿಸಿ ಸ್ಲೈಡಿಂಗ್ ಹಾಕಿಸಿದೆ. ಪಶ್ಚಿಮದ ಗೋಡೆ, ಮೇಲೆ ಛಜ್ಜಾ ಇರಲಿಲ್ಲ. ಛಜ್ಜಾ ಹಾಕಿಸದೆ ಬಿಟ್ಟಿದ್ದು ನನ್ನ ತಪ್ಪು. ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕ್‌ನಲ್ಲಿ ಮಳೆ ನೀರು ಹೊರಗೆ ಹೋಗಲು ಸಣ್ಣ ತೂತುಗಳು ಇರುತ್ತವೆ. ದೂಳು, ಇರುವೆ ಗೂಡು ಸೇರಿ ಅವು ಮುಚ್ಚಿಹೋದವು. ಮೂರನೇ ಮಳೆಗಾಲದಲ್ಲಿ ಬಾಡಿಗೆಯವರ ಹಾಸಿಗೆ ನೆನೆಯಿತು. ಕಡ್ಡಿ ಹಾಕಿ ತೂತು ಬಿಡಿಸಿದ್ದಾಯಿತು. ಆರನೇ ವರ್ಷ ಕೆಳಗಿನ ಚಕ್ರ ಸವೆಯಿತು, ಚಿಲಕ ಮುರಿಯಿತು. ಹಾಕಿಕೊಟ್ಟವರನ್ನು ಹುಡುಕಿದರೆ ಅಂಗಡಿಯೇ ಇಲ್ಲ. ಬೇರೆಯವರ ಚಕ್ರ ಇದಕ್ಕೆ ಕೂರುವುದಿಲ್ಲ, ಒಬ್ಬೊಬ್ಬರ ಪಟ್ಟಿಯ ಒಳಗಿನ ಆಕಾರ ಒಂದೊಂದು ಥರ. ನಾಲ್ಕು ಅಂಗಡಿ ತಿರುಗಿದೆ. ಎಲ್ಲ ಕಡೆ ಒಂದೇ ಮಾತು, "ಹೊಸದು ಹಾಕ್ಸಿಬಿಡಿ ಸಾರ್." ಒಂದು ಚಕ್ರಕ್ಕೆ ಇಡೀ ಕಿಟಕಿ. ಕೊನೆಗೆ ಅದನ್ನು ಅಲುಗಾಡದ ಹಾಗೆ ಮುಚ್ಚಿಯೇ ಇಟ್ಟೆವು, ಮನೆ ಕೆಡವುವ ತನಕ.

ಅದೇ ಮನೆಯನ್ನು ಕೆಡವುವಾಗ ತಾತನ ಕಾಲದ 8 ಕಿಟಕಿಗಳನ್ನು ಬಿಡಿಸಿ ಇಟ್ಟುಕೊಂಡೆ. ತೇಗದ ಮರ, 90 ವರ್ಷದ ಮೇಲಾಗಿದೆ. ಮಂಡಿ ಮೊಹಲ್ಲಾ ಕಡೆಯ ಒಬ್ಬ ಮರಗೆಲಸದ ಆಚಾರ್ರನ್ನು ಕರೆಸಿದೆ. ಅವರು ಒಂದೊಂದು ಬಾಗಿಲನ್ನೂ ಬೆರಳಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ, ಎರಡು ರಾಶಿ ಮಾಡಿದರು. ಎರಡು ಚೌಕಟ್ಟು ಪೂರ್ತಿ ಹೋಗಿತ್ತು. ಮೂರಕ್ಕೆ ಕೆಳಗಿನ ಭಾಗ ಮಾತ್ರ ಕೊಳೆತಿತ್ತು. ನಿಂತ ಮರದ ಕೆಳಗಿನ ತುದಿ ನೀರು ಹೀರುತ್ತದೆ, ಕೊಳೆಯುವುದು ಮೊದಲು ಅಲ್ಲೇ. ಅವರು ಆ 6 ಇಂಚು ಕತ್ತರಿಸಿ, ಓರೆಯಾಗಿ ಹೊಸ ತುಂಡು ಸೇರಿಸಿ, ಮರದ ಬೆಣೆ ಹೊಡೆದರು. ಉಜ್ಜುಗೊರಡು ಹಾಕಿದಾಗ ಏಳೆಂಟು ಪದರ ಹಸಿರು ಪೇಂಟಿನ ಕೆಳಗಿಂದ ಮರ ಹೊಸದರ ಹಾಗೆ ಬಂತು. ಆ ವಾಸನೆ ಬಂದಾಗ ನಾನು ಸ್ವಲ್ಪ ಹೊತ್ತು ಅಲ್ಲೇ ಕೂತುಬಿಟ್ಟೆ. ನಮ್ಮ ಬೀದಿಗೆ ಸೈಕಲ್‌ನಲ್ಲಿ ಬರುವ ದೂರದಲ್ಲಿ ಒಬ್ಬರು ಇದ್ದಾರೆ, ಅವರಿಗೆ ಈ ಕಿಟಕಿ ರಿಪೇರಿ ಮಾಡಲು ಬರುತ್ತದೆ. ಹಳೇ ಬಡಾವಣೆಯ ಕಿಟಕಿಗೆ ಸಾಮಾನು ಆರಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅಂತ ನನಗನ್ನಿಸುತ್ತದೆ: ಇಪ್ಪತ್ತು ವರ್ಷ ಆದ ಮೇಲೆ ಇದನ್ನು ಯಾರು ರಿಪೇರಿ ಮಾಡುತ್ತಾರೆ?

ಮರದಲ್ಲಿ ತೊಂದರೆ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ಉಬ್ಬಿ ಬಾಗಿಲು ಕಚ್ಚಿಕೊಳ್ಳುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಪೇಂಟು ಬೇಕು. ಒಳ್ಳೆ ತೇಗ ಇವತ್ತು ಸಾಮಾನ್ಯ ಸಂಬಳದವರ ಕೈಗೆ ಸಿಗುವುದಿಲ್ಲ. ಆದರೆ ಮರ ಅಂದರೆ ತೇಗ ಒಂದೇ ಅಲ್ಲ. ಹೊನ್ನೆ, ಮತ್ತಿ, ಹಲಸು ನಮ್ಮ ಹಿರಿಯರು ಬಳಸುತ್ತಿದ್ದ ಮರಗಳೇ. ಕೆಡವಿದ ಮನೆಗಳ ಹಳೇ ಮರ ಮಾರುವ ಅಂಗಡಿಗಳಿಗೆ ಒಮ್ಮೆ ಹೋಗಿ ನೋಡಿ. ನಾವು ಟ್ರ್ಯಾಕ್ಟರ್‌ಗೆ ತುಂಬಿ ಕಳಿಸಿದ ಕಿಟಕಿಗಳು ಅಲ್ಲಿ ಗೋಡೆಗೆ ಒರಗಿ ನಿಂತಿರುತ್ತವೆ. ಎಷ್ಟೋ ಸಲ ಅವನ್ನು ಕೊಳ್ಳುವವರು ಬೇರೆ ಊರಿನವರು.

ಅಲ್ಯೂಮಿನಿಯಂ ತೆಳುವಾಗಿ, ನೇರವಾಗಿ ಬರುತ್ತದೆ. ಬಣ್ಣವೂ ಬೇಕಾದ್ದು ಸಿಗುತ್ತದೆ. ಬೇಡವೆಂದಾಗ ಕರಗಿಸಿ ಮತ್ತೆ ಬಳಸಬಹುದು, ಹೊಸದಾಗಿ ತಯಾರಿಸಲು ಬೇಕಾದ ಶಕ್ತಿಯ ನೂರಕ್ಕೆ 5 ಭಾಗ ಸಾಕು. ಆದರೆ ಶಾಖವನ್ನು ಮರಕ್ಕಿಂತ ಸುಮಾರು ಸಾವಿರ ಪಟ್ಟು ಬೇಗ ಒಳಗೆ ಸಾಗಿಸುತ್ತದೆ. ಪಶ್ಚಿಮದ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟನ್ನು ಏಪ್ರಿಲ್ ತಿಂಗಳ ನಾಲ್ಕು ಗಂಟೆಗೆ ಒಳಗಿನಿಂದ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಒಳಗೆ ಸರಿಸಿ ನೆರಳಿನಲ್ಲಿ ಕೂರಿಸಿದರೆ ಆ ತೊಂದರೆ ಬಹಳ ಕಡಿಮೆ. ಗಾಢ ಬಣ್ಣದ, ತೆಳು ಪಟ್ಟಿಯ ಅಲ್ಯೂಮಿನಿಯಂ ಕಿಟಕಿ ನಮ್ಮ ಬೀದಿಗೆ ಬಂದರೆ ನನ್ನ ಆಕ್ಷೇಪ ಇಲ್ಲ.

ಉಕ್ಕಿನ ಕಿಟಕಿಯನ್ನು ನಾವು ಸುಮ್ನೆ ಮರೆತುಬಿಟ್ಟಿದ್ದೇವೆ. ತುಕ್ಕು ಹಿಡಿಯುತ್ತದೆ ಅನ್ನುವುದು ಅದರ ಮೇಲಿನ ದೂರು. ಸತು ಲೇಪಿಸಿ, ಅದರ ಮೇಲೆ ಬಣ್ಣ ಬೇಯಿಸಿದರೆ ತುಕ್ಕು ಬಹಳ ನಿಧಾನ. ಮುರಿದರೆ ಮೂಲೆಯ ವೆಲ್ಡಿಂಗ್ ಅಂಗಡಿಯವರು ಸರಿ ಮಾಡಿಕೊಡುತ್ತಾರೆ. ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಡಬ್ಲ್ಯುಪಿಸಿ ಚೌಕಟ್ಟುಗಳೂ ಬಂದಿವೆ. ಅದನ್ನು ನಾನು ಬಳಸಿ ನೋಡಿಲ್ಲ, ಹಾಗಾಗಿ ಏನೂ ಹೇಳುವುದಿಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಹಳೇ ಬೀದಿಗೆ ಹೊಂದಲಿ ಅಂತ ಕೆಲವರು ಪ್ಲಾಸ್ಟಿಕ್ಕಿನ ಮೇಲೆ ಮರದ ಬಣ್ಣದ ಕಾಗದ ಅಂಟಿಸಿದ ಕಿಟಕಿ ಹಾಕಿಸುತ್ತಾರೆ. ಇಡೀ ಗಾಜಿನ ಮೇಲೆ ಚೌಕ ಚೌಕ ಪಟ್ಟಿ ಅಂಟಿಸುತ್ತಾರೆ. ಚಪ್ಪಟೆ ಕಿಟಕಿಯ ಮೇಲೆ ಸಿಮೆಂಟಿನ ಕಮಾನು ಮೆತ್ತುತ್ತಾರೆ. ಮನಸ್ಸು ಒಳ್ಳೆಯದೇ, ಆದರೆ ಹಣ ಹೋಗುವುದು ತಪ್ಪು ಜಾಗಕ್ಕೆ. ಹೊಸ ಮನೆ ಹೊಸ ಮನೆಯಾಗಿಯೇ ಕಾಣಲಿ. ಸ್ಮಾರಕಗಳ ಸಂರಕ್ಷಣೆಗೆ ಅಂತ 1964ರಲ್ಲಿ ವೆನಿಸ್ ನಗರದಲ್ಲಿ ತಜ್ಞರು ಸೇರಿ ಒಪ್ಪಿದ ನಿಯಮಗಳಲ್ಲೂ ಇದೇ ಅರ್ಥದ ಮಾತಿದೆ. ಹಳೇ ಕಟ್ಟಡದ ಕಳೆದುಹೋದ ಭಾಗಕ್ಕೆ ಹೊಸದನ್ನು ಸೇರಿಸುವಾಗ ಅದು ಒಟ್ಟಿಗೆ ಹೊಂದಬೇಕು, ಆದರೆ ಹಳೆಯದು ಅಂತ ಮೋಸ ಮಾಡಬಾರದು. ಹೊಸ ಮನೆಗೂ ಇದೇ ಮಾತು ಸಲ್ಲುತ್ತದೆ. ಹೊಂದುವುದಕ್ಕೆ ಬೇಕಾದ್ದು ಎತ್ತರ–ಅಗಲದ ಲೆಕ್ಕ, ಗೋಡೆಯೊಳಗಿನ ಆಳ, ತೆಳು ಪಟ್ಟಿ. ಆರು ಅಡಿ ಬೆಳಕು ಬೇಕೇ? ನಡುವೆ ಒಂದು ಅಡಿ ಗೋಡೆ ಬಿಟ್ಟು ಮೂರು ಮೂರು ಅಡಿಯ ಎರಡು ಉದ್ದ ಕಿಟಕಿ ಇಡಿ. ಬೆಳಕು ಅಷ್ಟೇ ಬರುತ್ತದೆ, ಬೀದಿಯ ಸಾಲು ಕೆಡುವುದಿಲ್ಲ.

ಆಳಕ್ಕೆ ಜಾಗ ಎಲ್ಲಿ ಅಂತ ಕೇಳುತ್ತಾರೆ. ನನ್ನ ಮಗನೂ ಕೇಳಿದ. "ಅಪ್ಪ, ಸೈಟು ಇರೋದೇ 20 ಅಡಿ, ಗೋಡೆ ದಪ್ಪ ಮಾಡಿದ್ರೆ ರೂಮು ಚಿಕ್ಕದಾಗಲ್ವಾ?" ಅವನ ಮುಂದೆಯೇ ಲೆಕ್ಕ ಮಾಡಿದೆ. ಎಲ್ಲ ಗೋಡೆಯೂ ಬೇಡ, ಬೀದಿಯ ಕಡೆಯ ಒಂದು ಗೋಡೆ ಮಾತ್ರ 6 ಇಂಚಿನ ಬದಲು 9 ಇಂಚು ಮಾಡೋಣ. 20 ಅಡಿ ಉದ್ದಕ್ಕೆ 3 ಇಂಚು ಅಂದರೆ ಒಂದು ಮಹಡಿಗೆ 5 ಚದರಡಿ. ಒಂದು ಕುರ್ಚಿ ಇಡುವ ಜಾಗ. ಕಿಟಕಿಯನ್ನು ಗೋಡೆಯ ಒಳ ಅಂಚಿಗೆ ಕೂರಿಸಿದರೆ ಹೊರಗೆ 4 ಇಂಚು ಆಳ ತಾನಾಗಿ ಸಿಗುತ್ತದೆ. ಕೆಳಗೆ ಹೊರಕ್ಕೆ ಇಳಿಜಾರು ಮಾಡಿದ ಕಲ್ಲು ಚಪ್ಪಡಿ. ಅವನು ಒಪ್ಪಿದ. ಈಗ ಗೋಡೆ ಎದ್ದಿದೆ.

ಸೊಸೆಯದು ಬೇರೆ ಪ್ರಶ್ನೆ. "ಮಾವ, ಕಿಟಕಿ ಯಾವ್ದಾದ್ರೂ ಇರಲಿ, ಸೊಳ್ಳೆ ಮೆಶ್ ಇಲ್ದೆ ನನಗೆ ಬೇಡ." ಅವಳ ಮಾತು ನೂರಕ್ಕೆ ನೂರು ಸರಿ. ಜನ ಮೂರು ಟ್ರ್ಯಾಕ್‌ನ ಸ್ಲೈಡಿಂಗ್ ಹಾಕಿಸುವುದಕ್ಕೆ ದೊಡ್ಡ ಕಾರಣವೇ ಸೊಳ್ಳೆ, ಎರಡು ಟ್ರ್ಯಾಕ್ ಗಾಜಿಗೆ, ಒಂದು ಮೆಶ್‌ಗೆ. ಹಳೇ ಕಿಟಕಿ ಚೆಂದ ಅನ್ನುವವರು ಇದಕ್ಕೆ ಉತ್ತರ ಕೊಡದಿದ್ದರೆ ಯಾರೂ ಅವರ ಮಾತು ಕೇಳುವುದಿಲ್ಲ. ಆಚಾರ್ರು ಉತ್ತರ ಕೊಟ್ಟರು. 5 ಇಂಚಿನ ಚೌಕಟ್ಟಿಗೆ ಎರಡೂ ಕಡೆ ಬಾಗಿಲು ಕೂರಲು ಮೆಟ್ಟಿಲಿನಂಥ ಕಚ್ಚು ತೆಗೆದು, ಹೊರಗೆ ತೆರೆಯಲು ತಾತನ ಬಾಗಿಲು, ಒಳಗೆ ತೆರೆಯಲು ಮೆಶ್ ಬಾಗಿಲು, ನಡುವೆ ಸರಳು. ಬೀದಿಯಿಂದ ಮೆಶ್ ಕಾಣುವುದೂ ಇಲ್ಲ.

ಈಗ ನಿಯಮದ ಮಾತು. ಶ್ರೀರಂಗಪಟ್ಟಣದಲ್ಲಿ ನಮ್ಮ ಅಕ್ಕನ ಮನೆ ಇದೆ. ಅಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಜಾಗ, ಅಲ್ಲಿಂದ ಮುಂದೆ 200 ಮೀಟರ್ ಅನುಮತಿ ಬೇಕಾದ ಜಾಗ. ದೂರದ ಲೆಕ್ಕ ಸಣ್ಣ ಮಕ್ಕಳಿಗೂ ಬಾಯಿಪಾಠ. ಮೈಸೂರಿನಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪಾರಂಪರಿಕ ಸಮಿತಿ ಇದೆ, ಪಾರಂಪರಿಕ ಕಟ್ಟಡಗಳ ಪಟ್ಟಿ ಇದೆ. ಆದರೆ ಮಗನ ಪ್ಲಾನ್ ಹಿಡಿದು ಒಂದು ಕಚೇರಿಗೆ ಹೋದಾಗ, ಬೀದಿ ಕಡೆಯ ಕಿಟಕಿ ಹೀಗೆ ಮಾಡುತ್ತಿದ್ದೇನೆ, ಇದರ ವಿವರವನ್ನೂ ಸೇರಿಸಲಾ ಅಂತ ಕೇಳಿದೆ. ಮೇಜಿನ ಆಚೆಯವರು ತಲೆ ಎತ್ತಿ, "ಅದೆಲ್ಲ ಬೇಡ ಸಾರ್, ಸೆಟ್‌ಬ್ಯಾಕ್ ಸರಿ ಇದ್ರೆ ಸಾಕು" ಅಂದರು. ಸೆಟ್‌ಬ್ಯಾಕ್ ಅಂದರೆ ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ. ಹಾಗಂದದ್ದು ಅವರ ತಪ್ಪಲ್ಲ. ಅವರ ಮುಂದಿನ ಹಾಳೆಯಲ್ಲಿ ಕಿಟಕಿಗೆ ಅಂತ ಜಾಗವೇ ಇರಲಿಲ್ಲ.

ಅಮೆರಿಕದ ಬಾಸ್ಟನ್ ನಗರದಲ್ಲಿ ಬೀಕನ್ ಹಿಲ್ ಅಂತ ಒಂದು ಹಳೇ ಬಡಾವಣೆ ಇದೆ. 1955ರಿಂದ ಅದಕ್ಕೆ ಕಾನೂನಿನ ರಕ್ಷಣೆ. ಅಲ್ಲಿನ ಸಮಿತಿ ನೋಡುವುದು ಬೀದಿಯಿಂದ ಕಾಣುವ ಬದಲಾವಣೆಗಳನ್ನು. ಒಳಗೆ ಅಡುಗೆಮನೆ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಕಿಟಕಿಯ ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಅಷ್ಟೊಂದು ಕಟ್ಟುನಿಟ್ಟು ನಮ್ಮಲ್ಲಿ ಬೇಡ, ನಡೆಯುವುದೂ ಇಲ್ಲ. ನಮ್ಮ ಜನ ಬ್ಯಾಂಕಿನ ಸಾಲ ಮಾಡಿ ಮನೆ ಕಟ್ಟುತ್ತಾರೆ. ಮರವೇ ಆಗಬೇಕು ಅಂತ ಆಜ್ಞೆ ಮಾಡಿದರೆ ಅರ್ಧ ಜನ ಅಡ್ಡದಾರಿ ಹುಡುಕುತ್ತಾರೆ. ಆದರೆ ಬೀದಿಯಿಂದ ಕಾಣುವುದನ್ನು ಮಾತ್ರ ನೋಡಬೇಕು ಅನ್ನುವ ಅವರ ಕ್ರಮ ನಮಗೂ ಒಪ್ಪುತ್ತದೆ.

ನಾನು ಕೇಳುವುದು ಒಂದೇ ಒಂದು ಹಾಳೆ. ಪಾರಂಪರಿಕ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಕೇಳುವಾಗ, ಬೀದಿ ಕಡೆಯ ಒಂದು ಕಿಟಕಿಯನ್ನು ನಿಜವಾದ ಅಳತೆಯ ಹತ್ತನೇ ಒಂದು ಭಾಗದಲ್ಲಿ, ನಡುವೆ ಸೀಳಿದರೆ ಹೇಗೆ ಕಾಣುತ್ತದೋ ಹಾಗೆ ಬಿಡಿಸಿ ಕೊಡಬೇಕು. ಗೋಡೆ ಎಷ್ಟು ದಪ್ಪ, ಚೌಕಟ್ಟು ಎಷ್ಟು ಒಳಗೆ, ಯಾವ ಸಾಮಾನು, ಯಾವ ಬಣ್ಣ, ಹೇಗೆ ತೆರೆಯುತ್ತದೆ, ಛಜ್ಜಾ ಎಷ್ಟು, ಇದೆಲ್ಲ ಅದರಲ್ಲಿ ಇರಲಿ. ಎತ್ತರ ಅಗಲಕ್ಕಿಂತ ಜಾಸ್ತಿ ಇರಲಿ, ಕಡೇಪಕ್ಷ 4 ಇಂಚು ಆಳ ಇರಲಿ, ಪೂರ್ತಿ ತೆರೆಯುವಂತಿರಲಿ, ಕನ್ನಡಿ ಗಾಜು ಬೇಡ. ಇಷ್ಟು ಪಾಲಿಸಿದರೆ ಸಾಮಾನು ಅವರವರ ಜೇಬಿಗೆ ತಕ್ಕಂತೆ. ಹಿಂದಿನ ಓಣಿಯ ಕಡೆಗೆ, ಒಳ ಅಂಗಳಕ್ಕೆ ಯಾವ ನಿಯಮವೂ ಬೇಡ. ಆ ಹಾಳೆ ಬಿಡಿಸಲು ನನ್ನಂಥ ಡ್ರಾಫ್ಟ್ಸ್‌ಮನ್‌ಗೆ ಎರಡು ಗಂಟೆ ಸಾಕು. ಆದರೆ ಅದನ್ನು ಬಿಡಿಸುವಾಗ ಮಾಲೀಕರು, ಎಂಜಿನಿಯರು ಇಬ್ಬರೂ ಕಿಟಕಿಯ ಬಗ್ಗೆ ಮಾತಾಡಲೇಬೇಕಾಗುತ್ತದೆ. ಈಗ ಆ ಮಾತು ಆಗುವುದೇ ಇಲ್ಲ. ಗಿಲಾವು ಮುಗಿದ ಮೇಲೆ, ಕೈಯಲ್ಲಿ ದುಡ್ಡು ಖಾಲಿಯಾದ ಮೇಲೆ, ಯಾವ ಅಂಗಡಿಯವರು ಕಡಿಮೆ ಹೇಳುತ್ತಾರೋ ಅವರ ಕಿಟಕಿ ಬಂದು ಕೂರುತ್ತದೆ.

ನಮ್ಮ ಮನೆಯ ತೀರ್ಮಾನ ಆಗಿದೆ. ನೆಲಮಹಡಿಯ ಬೀದಿ ಕಡೆಗೆ ತಾತನ ಬಾಗಿಲುಗಳು, ಹೊನ್ನೆ ಮರದ ಹೊಸ ಚೌಕಟ್ಟಿನಲ್ಲಿ. ಮೇಲಿನ ಮಹಡಿಗೆ ಅದೇ ಎತ್ತರ–ಅಗಲದ ಉಕ್ಕಿನ ಕಿಟಕಿ, ಕಡು ಹಸಿರು ಬಣ್ಣ. ಹಿಂದಿನ ಬಚ್ಚಲಿಗೂ ಅಡುಗೆಮನೆಗೂ ಯುಪಿವಿಸಿ, ಈ ಸಲ ಮೇಲೆ ಛಜ್ಜಾ ಇದೆ. ಖರ್ಚು ಎಲ್ಲ ಕಡೆ ಯುಪಿವಿಸಿ ಹಾಕಿಸಿದ್ದಕ್ಕಿಂತ ಹೆಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಹಳೇ ಮರ ನಮ್ಮದೇ ಇದ್ದುದರಿಂದ ತಡೆದುಕೊಳ್ಳುವಷ್ಟಾಯಿತು. ಚೌಕಟ್ಟುಗಳು ಈಗ ಆಚಾರ್ರ ಶೆಡ್ಡಿನಲ್ಲಿ ಅಗಸೆ ಎಣ್ಣೆ ಕುಡಿಯುತ್ತಾ ನಿಂತಿವೆ. ಮುಂದಿನ ವಾರ ಕೂರಿಸುತ್ತಾರೆ.

ನಾನು ಹೇಳಿದ ಆ ಒಂದು ಹಾಳೆಯನ್ನು ನಮ್ಮ ಮನೆಗೆ ಅಂತ ಬಿಡಿಸಿದ್ದೇನೆ, ಯಾರೂ ಕೇಳದಿದ್ದರೂ. ಹಳೇ ಬಡಾವಣೆಗಳಲ್ಲಿ ಮನೆ ಕಟ್ಟಿಸುತ್ತಿರುವ ಯಾರಿಗಾದರೂ ಬೇಕಿದ್ದರೆ ನಿಮ್ಮ ಪತ್ರಿಕೆಯ ಮೂಲಕ ತಿಳಿಸಲಿ. ನಕಲು ಕೊಡುತ್ತೇನೆ. ಅವರ ಗೋಡೆಯ ಅಳತೆ ತಂದರೆ ಕೂತು ಬಿಡಿಸಿಯೂ ಕೊಡುತ್ತೇನೆ, ದುಡ್ಡು ಬೇಡ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಡ್ರಾಫ್ಟ್ಸ್‌ಮನ್
ಅಗ್ರಹಾರ, ಮೈಸೂರು